ಸಲೀಸಾಗಿ ಹೋದ ಬೋಲ್ಟು

ಘಟ್ಟದ ಕಡೆ ಹೊಸ ಸುರಂಗದ ಕೆಲಸಕ್ಕೆ ಹೋಗಿದ್ದ ಮುಗದದ ಶಂಭುಲಿಂಗ ಮಧ್ಯಾಹ್ನವೇ ಮನೆಗೆ ಬಂದು ಕೂತ. ಅವನ ತಾಯಿ ಬಾಳವ್ವ ಸುಮ್ಮನಿರುವ ಪೈಕಿಯಲ್ಲ.

"ಯಾಕೋ, ಆರಾಮಿಲ್ಲೇನು?"

"ಆರಾಮ ಅದೇನಿ ಯವ್ವಾ. ಸುರಂಗದ ಛತ್ತಿನ ಕಲ್ಲಬಂಡಿ ಬೀಳಬಾರದಂತ ಹೊಡೀತಾರಲ್ಲಾ, ಆ ಬೋಲ್ಟು ಬಿಗಿ ಇಲ್ಲ. ಒಳಗ ಹೋಗಂಗಿಲ್ಲಂತ ಹೇಳಿ ಬಂದೇನಿ."

"ಕುಣೀಲಾರದಾಕಿ ಅಂಗಳ ಡೊಂಕು ಅಂದಳಂತ! ಉಳದಾವ್ರೆಲ್ಲಾ ಮಂದಿ ಅಲ್ಲೇನು?"

ಸಂಜೆ ಬೆಂಗೇರಿಯಿಂದ ಉಜ್ಮಾ ಬಂದಳು. ಬಾಳವ್ವನ ಸೊಸೆಯ ಜೊತೆ ಸಾಲಿ ಕಲಿತವಳು, ಈಗ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಇಂಥವೇ ಬೋಲ್ಟು ತಯಾರಿಸುತ್ತಾಳೆ. ಶಂಭುಲಿಂಗನೇ ಫೋನು ಮಾಡಿ ಕರೆಸಿದ್ದ. ಚೀಲದಿಂದ ಅವಳು ಅಂಥ ಬೋಲ್ಟಿನ ಗೇಣುದ್ದದ ತುಂಡು, ಒಂದು ಕಬ್ಬಿಣದ ಕೊಳವೆ, ತೆಗೆದಿಟ್ಟಳು.

"ಅಯ್ಯ, ಇದು ಉದ್ದಕ್ಕೂ ಸೀಳೇತಲ್ಲವ್ವಾ!" ಎಂದಳು ಬಾಳವ್ವ.

ಉಜ್ಮಾ ನಕ್ಕಳು. "ಸೀಳು ಬೇಕಂತನ ಬಿಟ್ಟಿರ್ತೇವ್ರಿ ಅವ್ವಾರ. ಬಂಡ್ಯಾಗ ಇದಕ್ಕಿಂತ ಚೂರು ಸಣ್ಣ ತೂತು ಕೊರೀಬೇಕು. ಮಷಿನ್ ಹಚ್ಚಿ ಬಡದಾಗ ಸೀಳು ಕೂಡಕೊಂಡು ಕೊಳವಿ ಒಳಗ ಹೋಗ್ತೈತಿ. ಹೋದಮ್ಯಾಲ ಮತ್ತ ಅಗಲಾಗಾಕ ನೋಡ್ತೈತಿ, ಅದಕ್ಕ ಬಂಡೀನ ಒತ್ತಿ ಹಿಡೀತೈತಿ. ಬ್ಯಾರೆ ನಟ್ಟಿಲ್ಲ, ಸಿಮೆಂಟಿಲ್ಲ. ಆ ಒತ್ತಡಾನ ಎಲ್ಲಾ."

"ನಮ್ಮಲ್ಲೆ ಬಡಿಯೂದು ತ್ರಾಸಂತ ಮೇಸ್ತ್ರಿ ಕೊರಿಯೂ ಮಷಿನ್ನಿಗೆ ದೊಡ್ಡ ಬಿಟ್ ಹಾಕಿಸಿ ತೂತು ಅಗಲ ಮಾಡಸ್ಯಾನ," ಎಂದ ಶಂಭುಲಿಂಗ. "ಕೈಲೆ ದೂಡಿದ್ರ ಸರಕ್ಕನ ಹೋಗ್ತಾವ. ಲಗೂ ಮುಗೀತಂತ ಎಲ್ಲಾರೂ ಖುಷಿ."

ಬಾಳವ್ವ ಕೊಳವೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹೊಲದಲ್ಲಿ ನಲವತ್ತು ವರ್ಷ ದುಡಿದ ಕೈ ಅದು. "ಗುದ್ದಲಿಗೆ ಕಟ್ಟಿಗಿ ಕಾವು ಸಲೀಸ ಹೋತಂದ್ರ ಮೊದಲನೇ ಏಟಿಗೇ ಗುದ್ದಲಿ ಹಾರ್ತೈತಿ. ಇಷ್ಟು ತಿಳೀದಾಂವ ಮೇಸ್ತ್ರಿ ಹೆಂಗಾದ?"

ಅಷ್ಟರಲ್ಲಿ ಆ ಮೇಸ್ತ್ರಿ ಮಹಾಂತಯ್ಯನೇ ಬೈಕಿನ ಮೇಲೆ ಬಂದಿಳಿದ. "ಶಂಭು, ಬೋಲ್ಟು ಹೊಡದು ಎರಡು ದಿನಾತು, ಛತ್ತಿನಿಂದ ಒಂದು ಸಣ್ಣ ಹಳ್ಳು ಸೈತ ಬಿದ್ದಿಲ್ಲ. ನಾಳೆ ಒಳಗ ಬಂದ್ರ ಬಾ, ಇಲ್ಲಂದ್ರ ಮುಂದ ಬರೂದ ಬ್ಯಾಡ."

ಮಗ ಬಾಯಿ ತೆರೆಯುವ ಮೊದಲೇ ಬಾಳವ್ವ ಬಾಗಿಲಿಗೆ ಬಂದು ನಿಂತಳು. "ಬಿದ್ದಿಲ್ಲಂದ್ರ ಬೀಳಂಗಿಲ್ಲಂತಾತೇನ್ರಿ, ಅಯ್ನಾರ? ಬೋಲ್ಟು ಎಳದು ತೋರಿಸ್ರಿ. ಹಿಡದು ನಿಂತ್ರ ನಾನ ಕಳಸ್ತೇನಿ."

"ಹೆಣ್ಮಕ್ಕಳಿಗೆ ಸುರಂಗದ ಮಾತ್ಯಾಕ್ರಿ?"

"ಸುರಂಗ ನಿಮ್ಮದಿರಬೌದು. ಮಗ ನನ್ನಾಂವ!"

ಮರುದಿನ ಬಾಳವ್ವನೂ ಕೆಲಸದವರ ಗಾಡಿ ಹತ್ತಿದಳು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ದಾರಿಯಲ್ಲಿ ಶಂಭುಲಿಂಗನಿಂದ ವಿಷಯ ತಿಳಿದ ಮೇಲೆ ಅವನ ತಂಡದ ಎಂಟೂ ಮಂದಿ ಸುರಂಗದ ಬಾಯಲ್ಲೇ ಕೂತರು. ಎಳೆದು ನೋಡದೆ ಒಬ್ಬನೂ ಕಾಲಿಡುವುದಿಲ್ಲ ಎಂದರು. ಕೊನೆಗೆ ಎಂಜಿನಿಯರ್ ಬಂದರು. ಛತ್ತಿಗೆ ಕಬ್ಬಿಣದ ಕಮಾನಿನ ಆಸರೆ ಕೊಟ್ಟು, ಜಗ್ಗುವ ಯಂತ್ರ ಹಚ್ಚಿ ಮೂರು ಬೋಲ್ಟು ಎಳೆಸಿದರು. ಮೂರೂ ಕಿತ್ತು ಬಂದವು.

ಮಹಾಂತಯ್ಯ ಸುರಂಗದ ಬಾಯಿಗೆ ಬಂದು ಕಲ್ಲಿನ ಮೇಲೆ ಕೂತ. "ನಿನ್ನೆ ಆ ಛತ್ತಿನ ಕೆಳಗ ಕುಂತು ನಾನೂ ಊಟಾ ಮಾಡೇನ್ರಿ," ಎಂದ. ಬಾಳವ್ವ ಆಡಿಕೊಳ್ಳಲಿಲ್ಲ. ನೀರಿನ ತಂಬಿಗೆ ಅವನ ಕೈಗೆ ಕೊಟ್ಟಳು.

ಸರಿಯಾದ ಬಿಟ್‌ನಿಂದ ಹೊಸ ತೂತು ಕೊರೆದು, ಹೊಸ ಬೋಲ್ಟು ಬಡಿದು, ಎಳೆದು ನೋಡಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಶಂಭುಲಿಂಗ ಒಳಗೆ ಹೋದ. ಕಳಿಸಿಕೊಟ್ಟವಳು ಬಾಳವ್ವನೇ.

ಸುರಂಗದಲ್ಲಿ, ಗಣಿಯಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಕೊರೆಯುವ ಮೊದಲು ಬಿಟ್ ಅಳೆಯಿರಿ. ಕೈಯಿಂದ ದೂಡಿದರೆ ಹೋಗುವ ಬೋಲ್ಟನ್ನು ಒಪ್ಪಬೇಡಿ. ಎಳೆದು ತೋರಿಸಿ ಎಂದು ಕೇಳಿ, ಒಬ್ಬರೇ ಅಲ್ಲ, ಎಲ್ಲರೂ ಸೇರಿ ಕೇಳಿ. ಆಸರೆ ಇಲ್ಲದ ಬಂಡೆಯ ಕೆಳಗೆ ಯಾರು ಕರೆದರೂ ಹೋಗಬೇಡಿ. ಬಂಡೆಗೆ ಮೇಸ್ತ್ರಿಯ ಅವಸರ ತಿಳಿಯುವುದಿಲ್ಲ, ಹೋದ ಜೀವವನ್ನು ಯಾವ ಮೇಸ್ತ್ರಿಯೂ ತಿರುಗಿ ಕೊಡುವುದಿಲ್ಲ.