ಕಪಾಟಿನಿಂದಿಳಿದ ಹಂದಿ

"ಅಮ್ಮ, ಇಲ್ಲಿದ್ದ ಹಂದಿ ಎಲ್ಲಿ?"

ಗಾಜಿನ ಕಪಾಟಿನೆದುರು ಸರ್ವೋತ್ತಮ ಬೆಪ್ಪಾಗಿ ನಿಂತಿದ್ದ. ಅವನು ಆಸೆಪಟ್ಟು ಕೂಡಿಹಾಕಿದ ಜಪಾನಿನ ಪಿಂಗಾಣಿ ಬೆಕ್ಕು, ಕೊಕ್ಕರೆ, ಮೊಲ ಎಲ್ಲ ಇದ್ದವು. ಕೋರೆಹಲ್ಲಿನ ಹಂದಿಯೊಂದೇ ಮಾಯ. ಅದನ್ನು ಒಯ್ಯಲು ಓಕುಬೊ ಇನ್ನೇನು ಬರುವವನಿದ್ದ.

ಕೊಲ್ಲಿ ನಾಡಿನ ಮನಾಮಾದ ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಈ ಓಕುಬೊ ಜಪಾನಿಗೆ ಹಿಂದಿರುಗುತ್ತಿದ್ದ. ಅವರಲ್ಲಿ ವರ್ಷಕ್ಕೊಂದು ಪ್ರಾಣಿಯಂತೆ. ಅವನು ಹುಟ್ಟಿದ್ದು ಹಂದಿಯ ವರ್ಷ, ಈ ಎಂಬತ್ತಮೂರನೇ ಇಸವಿಯೂ ಹಂದಿಯದೇ. ಹಂದಿ ಕೊಟ್ಟರೆ ತನ್ನ ಸಿಂಹನಾಯಿ ಕೊಡುತ್ತೇನೆಂದಿದ್ದ. ಗುಡಿಯ ಬಾಗಿಲು ಕಾಯುವ ಈ ನಾಯಿಗಳು ಯಾವಾಗಲೂ ಜೋಡಿ: ಒಂದರ ಬಾಯಿ ತೆರೆದಿದ್ದರೆ ಇನ್ನೊಂದರದು ಮುಚ್ಚಿರುತ್ತದೆ. ಬಾಯಿ ತೆರೆದದ್ದು ಸರ್ವೋತ್ತಮನ ಕಪಾಟಿನಲ್ಲಿ ಒಂಟಿಯಾಗಿ ಕೂತಿತ್ತು. ಅದರ ಜೋಡಿಗಾಗಿ ಅವನು ಹುಡುಕದ ಅಂಗಡಿಯಿರಲಿಲ್ಲ.

ತಾಯಿ ಅಕ್ಕು ದೇವರ ಮೂಲೆ ತೋರಿಸಿದರು. ಹಂದಿ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಗತ್ತಿನಿಂದ ಕೂತಿತ್ತು. ಎದುರಿಗೆ ಅವಲಕ್ಕಿ, ಕಾಯಿಹೋಳು.

"ಪಂಜುರ್ಲಿಯನ್ನು ಬೆಕ್ಕಿನ ಪಕ್ಕ ಇಡ್ಲಿಕ್ಕುಂಟಾ ಮಾರಾಯ?"

"ಅದು ನಮ್ಮೂರ ಹಂದಿದೈವ ಅಲ್ಲಮ್ಮ, ಜಪಾನಿನ ಗೊಂಬೆ."

"ಎಲ್ಲಿಯದ್ದಾದ್ರೆ ಏನು, ಮುಖ ಅದೇ ಅಲ್ವಾ? ರಾಜೀವನ ಕೈ ಸರಿಯಾಗಲೆಂದು ಹರಕೆ ಹೇಳಿಕೊಂಡಿದ್ದೇನೆ. ಅವನ ಬೆರಳು ಮಡಚುವವರೆಗೆ ನೀನು ಮುಟ್ಟುವ ಹಾಗಿಲ್ಲ."

ಟುಬ್ಲಿಯ ಗ್ಯಾರೇಜಿನಲ್ಲಿ ಜಾಕ್ ಜಾರಿ ತಮ್ಮ ರಾಜೀವನ ಕೈ ಜಜ್ಜಿಹೋಗಿತ್ತು. ಸರ್ವೋತ್ತಮನಿಗೆ ಮೈಯೆಲ್ಲ ಉರಿಯಿತು. ಆದರೂ ಹಂದಿಯತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

ಓಕುಬೊ ಬಂದು, ಬಾಯಿ ಮುಚ್ಚಿದ ತನ್ನ ನಾಯಿಯನ್ನು ಚೀಲದಿಂದ ತೆಗೆದಿಟ್ಟ. ಸರ್ವೋತ್ತಮ ತಡವರಿಸುತ್ತ ಎಲ್ಲ ಹೇಳಿದ. ಓಕುಬೊ ಹಂದಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕುತೂಹಲದಿಂದ ನೋಡಿದ.

"ಇದು ಏನು ತಿನ್ನುತ್ತದೆ?"

ಅಕ್ಕುವಿಗೆ ಇಂಗ್ಲಿಷ್ ಬಾರದಿದ್ದರೂ ಅವನು ಕೇಳಿದ್ದು ಏನೆಂದು ತಿಳಿಯಿತು. ಒಂದು ಮುಷ್ಟಿ ಅವಲಕ್ಕಿ ಅವನ ಅಂಗೈಗೇ ಹಾಕಿದರು. ಅವನು ಒಂದು ಕಾಳೂ ಬಿಡದೆ ತಿಂದ.

"ಹಂದಿ ಇಲ್ಲೇ ಇರಲಿ," ಎಂದು ತನ್ನ ನಾಯಿಯನ್ನು ತಿರುಗಿ ಚೀಲಕ್ಕಿಳಿಸಿದ.

"ಇಂಥ ನಾಯಿ ಮತ್ತೆ ಸಿಕ್ಕೀತಾ?" ಸರ್ವೋತ್ತಮ ಕೇಳಿದ.

"ಸಿಗಲಿಕ್ಕಿಲ್ಲ. ಮಾಡುತ್ತಿದ್ದವರೇ ಈಗಿಲ್ಲ."

ಸರ್ವೋತ್ತಮ ಕಪಾಟು ತೆಗೆದು, ಬಾಯಿ ತೆರೆದ ನಾಯಿಯನ್ನು ಎತ್ತಿ ಓಕುಬೊನ ಕೈಗಿಟ್ಟ. ಅವನು ಬೇಡವೆಂದು ತಲೆಯಾಡಿಸಿದರೂ ಕೇಳಲಿಲ್ಲ.

"ಕೊಡ್ಲಿಕ್ಕೆ ಮನಸ್ಸು ಬಂತಾ ನಿಂಗೆ?" ಎಂದರು ಅಕ್ಕು.

"ಬರ್ಲಿಲ್ಲಮ್ಮ. ಆದ್ರೂ ಕೊಟ್ಟೆ."

ಓಕುಬೊ ಎರಡೂ ನಾಯಿಗಳನ್ನು ಕಾರಿನ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂರಿಸಿ ಹೊರಟ. ಜಿಂಜ್‌ನ ಮನೆಯ ಗಲ್ಲಿಯ ತಿರುವಿನಲ್ಲಿ ಅವನು ಬ್ರೇಕ್ ಹಾಕಿ, ಬಲಗೈ ಚಾಚಿ ಅವು ಬೀಳದಂತೆ ಹಿಡಿದುಕೊಂಡದ್ದು ಬಾಗಿಲಲ್ಲಿ ನಿಂತ ಸರ್ವೋತ್ತಮನಿಗೆ ಕಾಣಿಸಿತು.