ರೊಟ್ಟಿ ವ್ಯಾನಿನ ಮೂರನೆಯ ಒಲೆ

ನಾನೊಂದು ಬಿಳಿ ವ್ಯಾನು. ಬಿಳಿ ಎಂಬುದು ಹುಟ್ಟಿದಾಗಿನ ಮಾತು. ಈಗ ಯಾವ ಬಣ್ಣವೋ ನನಗೂ ಗೊತ್ತಿಲ್ಲ. ಎಲ್ಲೋ ಉತ್ತರದ ಕಾರ್ಖಾನೆಯಲ್ಲಿ ಹುಟ್ಟಿ, ಲಾರಿಯ ಮೇಲೆ ಕೂತು ಈ ನಾಡಿಗೆ ಬಂದೆ. ನನ್ನ ಎಂಜಿನ್ನು ಮುಂದಿನ ಸೀಟಿನ ಕೆಳಗಿದೆ. ಅದರಲ್ಲಿ ಮೂರೇ ಸಿಲಿಂಡರು. ಆದರೂ ಹತ್ತು ವರ್ಷ ಧಾರವಾಡದ ಡಾಕ್ಟರೊಬ್ಬರನ್ನು ಹೊತ್ತು ತಿರುಗಿದೆ, ಒಂದು ದಿನವೂ ಕೈಕೊಡಲಿಲ್ಲ.

ಡಾಕ್ಟರು ಹೊಸ ಕಾರು ಕೊಂಡಾಗ ಗದಗಿನ ಶಂಕ್ರವ್ವನ ಪಾಲಾದೆ. ಅವಳು ಎಂಟು ಹೆಂಗಸರನ್ನು ಕಟ್ಟಿಕೊಂಡು ಜೋಳದ ಕಡಕ್ ರೊಟ್ಟಿ ಮಾಡಿ ಹಾಸ್ಟೆಲುಗಳಿಗೆ, ಮದುವೆಮನೆಗಳಿಗೆ ಕೊಡುವವಳು. ಗಾಡಿ ಓಡಿಸುವವಳೂ ಅವಳೇ. ರೊಟ್ಟಿಗಳನ್ನು ಮೊದಲ ಸಲ ಹೊತ್ತ ದಿನ ನಾನು ಉಸಿರು ಬಿಗಿಹಿಡಿದೇ ಓಡಿದೆ. ಹಾಳೆಯಷ್ಟು ತೆಳು, ಹುಣ್ಣಿಮೆಯ ಚಂದ್ರನಷ್ಟು ದುಂಡಗೆ, ಬರೀ ಅಂಗೈಯಿಂದ ಬಡಿದು ಮಾಡಿದ್ದು! ಇಂಥದ್ದನ್ನು ಮುರಿಯದಂತೆ ಒಯ್ಯುವ ಕೆಲಸ ನನ್ನಂಥ ತಗಡಿನ ಡಬ್ಬಿಗೆ ಸಿಕ್ಕಿತಲ್ಲ ಎಂದು ಬೆರಗಾದೆ.

ಮಹಾನವಮಿಯ ಆಯುಧಪೂಜೆ ಬಂದರೆ ನನಗೆ ಮದುಮಗನ ಮರ್ಯಾದೆ. ಉಳಿದವರು ಗಾಡಿಯ ಮುಖಕ್ಕೆ ಕುಂಕುಮ ಹಚ್ಚಿ ಸುಮ್ಮನಾಗುತ್ತಾರೆ. ಶಂಕ್ರವ್ವ ಸೀಟು ಎತ್ತಿ ಎಂಜಿನ್ನಿಗೂ, ವಯರುಗಳು ಹೊರಡುವ ಅದರ ಮುಚ್ಚಳಕ್ಕೂ ಹಚ್ಚುವಳು.

"ದುಡಿಯೂದು ಇದು. ಬರೇ ಮಾರಿಗೆ ಹಚ್ಚಿದ್ರ ಏನ್ ಬಂತು?" ಎನ್ನುವಳು.

ನೀರಲ್ಲಿ ಕಲಸಿದ ಅರಿಷಿಣ, ಕುಂಕುಮ. ಅದೂ ಬೆರಳ ತುಂಬ. ಪ್ರತಿವರ್ಷ ಹಳೆಯದರ ಮೇಲೆ ಹೊಸದು.

ಏಳನೆಯ ವರ್ಷ ನನಗೆ ನಡುಕ ಹತ್ತಿತು. ಓಡುವಾಗ ಹೇಗೋ ಸಂಭಾಳಿಸುತ್ತಿದ್ದೆ. ರೈಲ್ವೆ ಗೇಟಿನಲ್ಲಿ ನಿಂತೆನೋ, ಮೈಯೆಲ್ಲ ಗಡಗಡ. ಹಿಂದೆ ರೊಟ್ಟಿ ಚಟಚಟ ಮುರಿಯುವುದು ಕೇಳುತ್ತಿತ್ತು. ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತಿದ್ದೆ. ಹಾಸ್ಟೆಲಿನವರು ಚೂರುಗಳನ್ನು ಹಿಂದಕ್ಕೆ ಕಳಿಸಿದರು. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರ್ ತೊಳೆದ, ಇನ್ನೊಬ್ಬ ಪ್ಲಗ್ ಬದಲಿಸಿದ, ಮೂರನೆಯವನು ಗುಜರಿಯ ದಾರಿ ತೋರಿಸಿದ. ಸೋಮವಾರದ ಮದುವೆಗೆ ಎರಡು ಸಾವಿರ ರೊಟ್ಟಿ ಒಪ್ಪಿಕೊಂಡಾಗಿತ್ತು. ಅವೂ ಚೂರಾದರೆ ಶಂಕ್ರವ್ವನ ರೊಟ್ಟಿಯನ್ನು ಇನ್ನಾರೂ ಕೇಳರು. ಎಂಟು ಮನೆಯ ಒಲೆಗಳ ಪ್ರಶ್ನೆ. ಶನಿವಾರ ಅವಳು ನನ್ನನ್ನು ಮುದುಕ ಮೆಕ್ಯಾನಿಕ್ ದಸ್ತಗೀರಸಾಬರ ಶೆಡ್ಡಿಗೆ ತಂದಳು.

ಅವರು ಮೊದಲು ಪಾನಾ, ಇಕ್ಕಳ ಮುಟ್ಟಲಿಲ್ಲ, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿದರು. ಆಮೇಲೆ ಎಂಜಿನ್ ಚಾಲೂ ಇರುವಾಗಲೇ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸಿ ನೋಡಿದರು. ಮೊದಲನೆಯದನ್ನು ಕಿತ್ತಾಗ ನಾನು ಮುಗ್ಗರಿಸಿದೆ, ಎರಡನೆಯದಕ್ಕೂ ಮುಗ್ಗರಿಸಿದೆ. ಮೂರನೆಯದನ್ನು ಕಿತ್ತರೆ ಏನೂ ಆಗಲಿಲ್ಲ.

"ಅಕ್ಕಾರ, ಇದಕ್ಕ ಮೂರು ಒಲಿ ಅದಾವ. ಒಂದು ಹತ್ತವಲ್ದು," ಎಂದರು. ಆ ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದಿತ್ತು. "ಕಟಿಗಿ ಐತಿ, ಕಿಡಿ ಇಲ್ಲ."

ನಡುಮಧ್ಯಾಹ್ನ ಅವರು ಕರಿ ಕಂಬಳಿ ತರಿಸಿದರು. ಎಂಜಿನ್ ಮತ್ತೆ ಚಾಲೂ ಮಾಡಿ, ಅದರ ಮೇಲೆ ಬಾಗಿ, ಮೈತುಂಬ ಕಂಬಳಿ ಹೊದ್ದುಕೊಂಡರು. ಹೊರಬಂದಾಗ ಬೆವರು ಸುರಿಯುತ್ತಿತ್ತು. ಕಂಬಳಿಯನ್ನು ಶಂಕ್ರವ್ವನ ಕೈಗಿತ್ತರು.

"ನಾ ಹೇಳಬಾರದು. ನೀವ ನೋಡ್ರಿ."

ಕಂಬಳಿಯ ಕತ್ತಲೊಳಗಿನಿಂದ ಅವಳ ದನಿ ಬಂತು: "ಯವ್ವಾ! ನೀಲಿ ಮಿಂಚು! ಮುಚ್ಚಳದ ಮ್ಯಾಲ, ನನ್ನ ಕುಂಕುಮದ ಮ್ಯಾಲ ಹರಿದಾಡಾಕತ್ತೈತಿ!"

ನನ್ನೊಳಗೆ ಮಿಂಚಿದೆಯೆಂದು ನನಗೆ ಗೊತ್ತಾದದ್ದೇ ಆಗ. ಹದಿನೇಳು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಪೆಟ್ರೋಲೇ ನನ್ನ ಜೀವವೆಂದು ನಂಬಿದ್ದೆ. ವಯರುಗಳಿಗೆ ಕಿಡಿ ಹಂಚುವ ಆ ಮುಚ್ಚಳದ ಮೇಲೆ ಏಳು ವರ್ಷದ ಕುಂಕುಮ ಗಟ್ಟಿಯಾಗಿತ್ತು. ಮೂರನೆಯ ಒಲೆಯ ಕಿಡಿ ಪ್ಲಗ್ಗಿಗೆ ಹೋಗದೆ, ಆ ಕುಂಕುಮದ ದಾರಿ ಹಿಡಿದು ಎತ್ತಲೋ ಹೋಗುತ್ತಿತ್ತು.

ಶಂಕ್ರವ್ವ ಹೊರಬಂದು ಅಂಗೈ ನೋಡಿಕೊಂಡಳು. "ನಾನ ಮಾಡಿದ್ನೇನಣ್ಣಾ ಇದನ್ನ?"

"ಪ್ರೀತಿಲೆ ಹಚ್ಚೀರಿ, ತಪ್ಪಲ್ಲ. ಆದ್ರ ಅದನ್ನ ಅಳಸಾಕ ನನ್ನ ಕೈ ಬರವಲ್ದು. ನೀವ ಒರಸ್ರಿ." ಅವರು ಎಂಜಿನ್ ಆರಿಸಿ, ಮುಚ್ಚಳ ಬಿಚ್ಚಿ ಅವಳಿಗೆ ಕೊಟ್ಟರು.

ಅವಳು ಅದಕ್ಕೆ ಕೈಮುಗಿದು, ಸೆರಗಿನಿಂದ ಒರೆಸಿದಳು. ಒರೆಸುವಾಗ ಅತ್ತಳು. ಮುಚ್ಚಳವನ್ನು ಒಣಗಿಸಿ ಕೂಡಿಸಿದರು. ಕೀಲಿ ತಿರುವಿದಾಗ ಮೂರು ಒಲೆಗಳೂ ಹತ್ತಿದವು. ಪರೀಕ್ಷೆಗೆಂದು ಅವಳು ಸೀಟಿನ ಮೇಲೆ ಪೇರಿಸಿಟ್ಟ ರೊಟ್ಟಿಯ ಥಪ್ಪಿ ಅಲುಗಲೇ ಇಲ್ಲ. ಸೋಮವಾರ ಎರಡು ಸಾವಿರದಲ್ಲಿ ಮುರಿದದ್ದು ನಾಲ್ಕು; ಅವೂ ಇಳಿಸಿಕೊಳ್ಳುವಾಗ ಬೀಗರ ಕೈಯಲ್ಲಿ.

ಈಗ ನಾನು ರೊಟ್ಟಿ ಶೆಡ್ಡಿನ ಹಿಂದೆ, ಬೇವಿನ ಮರದ ಕೆಳಗೆ ನಿಂತಿದ್ದೇನೆ. ಬ್ಯಾಟರಿ ತೆಗೆದು ನಾಲ್ಕು ವರ್ಷವಾಯಿತು. ಹೊಸ ವ್ಯಾನು ಬಂದಿದೆ. ಆದರೂ ಮಹಾನವಮಿಗೆ ಶಂಕ್ರವ್ವ ಮೊದಲು ನನ್ನ ಬಳಿ ಬಂದು ಸೀಟು ಎತ್ತುತ್ತಾಳೆ. ಎಲ್ಲ ಕಡೆ ಕುಂಕುಮ ಹಚ್ಚುತ್ತಾಳೆ. ಆ ಮುಚ್ಚಳದ ಹತ್ತಿರ ಬಂದಾಗ ಮಾತ್ರ ಅವಳ ಬೆರಳು ನಿಲ್ಲುತ್ತದೆ. ಇನ್ನೆಂದೂ ಅಲ್ಲಿ ಕಿಡಿ ಹುಟ್ಟುವುದಿಲ್ಲವೆಂದು ಅವಳಿಗೆ ಗೊತ್ತು, ನನಗೂ ಗೊತ್ತು. ಆದರೂ ಕುಂಕುಮದ ಕೈಯನ್ನು ಹಿಂದಕ್ಕೆ ತೆಗೆದು, ಆ ಮುಚ್ಚಳವನ್ನು ಸೆರಗಿನಿಂದ ಒಮ್ಮೆ ಒರೆಸಿ, ಸೀಟು ಮುಚ್ಚುತ್ತಾಳೆ.