ಉಸಿರು ಬರೆದ ಗುಡ್ಡ

“ಹೊಟ್ಟೆಯೊಳಗೆ ಏನು ಬಿಡ್ತೀವಿ ಅಂದ್ರಿ? ಇನ್ನೊಂದ್ಸಲ ಹೇಳಿ.”

ಒಪ್ಪಿಗೆ ಪತ್ರಕ್ಕೆ ಇನ್ನೇನು ತಾಗಬೇಕೆಂದಿದ್ದ ಪೆನ್ನು ಗಾಳಿಯಲ್ಲೇ ನಿಂತಿತು. ಪೆನ್ನು ಹಿಡಿದಿದ್ದವನು ಸೋಡಾ ಕಾರ್ಖಾನೆಯಲ್ಲಿ ಬಾಟಲಿಗೆ ಗ್ಯಾಸು ತುಂಬುವ ಕೆಲಸಗಾರ. ಎದುರಿಗೆ ಕುಳಿತಿದ್ದವರು ಅರಿವಳಿಕೆ ಕೊಡುವ ವೈದ್ಯೆ.

“ಕಾರ್ಬನ್ ಡೈಆಕ್ಸೈಡ್. ಮಗೂ ಪಿತ್ತಕೋಶದಲ್ಲಿ ಕಲ್ಲಿದೆ ಅಲ್ವಾ? ಹೊಟ್ಟೆನ ಉದ್ದಕ್ಕೆ ಕುಯ್ಯೋದಿಲ್ಲ. ಸಣ್ಣ ತೂತು ಮಾಡಿ, ಈ ಗ್ಯಾಸಿಂದ ಸ್ವಲ್ಪ ಉಬ್ಬಿಸ್ತೀವಿ. ಒಳಗೆ ಕ್ಯಾಮೆರಾ ಆಡಿಸೋಕೆ ಜಾಗ ಬೇಕಲ್ಲ.”

“ಅದು ನಮ್ಮ ಸೋಡಾ ಗ್ಯಾಸು ಡಾಕ್ಟ್ರಮ್ಮ. ದಿನಾ ಅದರ ಜೊತೆಗೇ ಬಾಳ್ವೆ ನಂದು. ಮುಚ್ಚಿದ ಕೋಣೇಲಿ ಸೋರಿದ್ರೆ ಎಂಥಾ ಆಳನ್ನೂ ಕೆಡವುತ್ತೆ. ನನ್ನ ಜೊತೆಗಾರ ತೊಟ್ಟಿಗೆ ಇಳಿದವನು ಇಳಿದ ಹಾಗೇ ಕುಸಿದಿದ್ದನ್ನ ಕಣ್ಣಾರೆ ಕಂಡಿದೀನಿ. ಅದನ್ನ ಐದು ವರ್ಷದ ಕೂಸಿನ ಹೊಟ್ಟೆಗೆ ತುಂಬ್ತೀರಾ?”

ಹೆಂಡತಿ ಅವನ ತೋಳು ಚಿವುಟಿದಳು. “ಡಾಕ್ಟ್ರಿಗೇ ಪಾಠ ಹೇಳೋಕೆ ಹೊರಟ್ರಿ. ಮಗು ನೋವಿಗೆ ಮುದುಡಿ ಮುದ್ದೆಯಾಗ್ತಿದೆ. ಇವತ್ತೇ ಆಗಿಹೋಗ್ಲಿ, ಸಹಿ ಹಾಕಿ.”

“ಅವರ ಭಯ ಸರಿಯಾಗೇ ಇದೆಯಮ್ಮ,” ಎಂದರು ವೈದ್ಯೆ. “ಆ ಗ್ಯಾಸು ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತೆ. ಮಕ್ಕಳಲ್ಲಿ ಇನ್ನೂ ಬೇಗ. ಅಲ್ಲಿಂದ ಶ್ವಾಸಕೋಶಕ್ಕೆ ಬಂದು, ಉಸಿರಲ್ಲಿ ಹೊರಗೆ ಹೋಗಬೇಕು. ಹೋಗ್ತಿದೆಯೋ ಇಲ್ವೋ ಅಂತ ಕಣ್ಣು ಕೀಳದೆ ನೋಡೋದೇ ನನ್ನ ಕೆಲಸ.”

“ಗಾಳಿ ಎಲ್ಲಾದ್ರೂ ಕಣ್ಣಿಗೆ ಕಾಣುತ್ತಾ?”

“ಬನ್ನಿ, ತೋರಿಸ್ತೀನಿ.”

ಪಕ್ಕದ ಕೋಣೆಯಲ್ಲಿ ಒಂದು ಪರದೆಯಿತ್ತು. ಅದಕ್ಕೆ ಜೋಡಿಸಿದ್ದ ತೆಳು ಕೊಳವೆಯ ತುದಿಯನ್ನು ವೈದ್ಯೆ ಅವನ ಮೂಗಿನ ಕೆಳಗೆ ಸಿಕ್ಕಿಸಿದರು. ಅವನು ಉಸಿರು ಬಿಟ್ಟ. ಹಳದಿ ಗೆರೆಯೊಂದು ನೆಟ್ಟಗೆ ಮೇಲೆದ್ದು, ಮಟ್ಟಸವಾಗಿ ಸಾಗಿತು. ಉಸಿರು ಎಳೆದುಕೊಂಡ, ಗೆರೆ ನೆಲ ಕಚ್ಚಿತು. ಹುಟ್ಟಿದಂದಿನಿಂದ ತನ್ನೊಳಗೆ ಬಂದುಹೋಗುತ್ತಿದ್ದುದು ಹೀಗೆ ಎದುರು ನಿಂತು ಮುಖ ತೋರಿಸಿದ್ದು ಅದೇ ಮೊದಲು. ಬೇಕೆಂದೇ ಉಸಿರು ಬಿಗಿಹಿಡಿದ. ಗೆರೆ ಮಲಗಿತು, ಯಂತ್ರ ಕೂಗಿಕೊಂಡಿತು.

“ಅಪ್ಪಾ, ಸಾಕು, ನಂಗೆ ಕೊಡು,” ಎಂದು, ನೋವು ತುಸು ತಗ್ಗಿದ್ದ ಮಾತಿನಮಲ್ಲಿ ಮಗಳು ಅಮ್ಮನ ಕಂಕುಳಿಂದ ಇಳಿದು ಅವನ ಅಂಗಿ ಜಗ್ಗಿದಳು. “ನಿಂದು ಬರೀ ಡಬ್ಬಿ. ನಾನು ಗುಡ್ಡ ಬರೀತೀನಿ.”

ಅವಳು ಬರೆದದ್ದು ಗುಡ್ಡವೇ. ಅಪ್ಪನ ಗೆರೆಯಂತೆ ನೆಟ್ಟಗೆ ಏಳಲಿಲ್ಲ. ಓರೆಯಾಗಿ, ಏದುತ್ತ ಹತ್ತಿದಂತೆ ಮೇಲೇರಿ, ತುದಿಯಲ್ಲಿ ಚೂಪಾಯಿತು. “ನೋಡಿ, ಜಾರುಬಂಡೆ!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

ವೈದ್ಯೆ ನಗಲಿಲ್ಲ. ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು.

“ಮಗೂಗೆ ಉಬ್ಬಸ ಇದೆಯಾ?”

“ಇಲ್ವಲ್ಲ,” ಎಂದಳು ತಾಯಿ, ತುಸು ಬೇಗನೆ. “ನರ್ಸಮ್ಮ ಕೇಳ್ದಾಗ್ಲೇ ಹೇಳಿದೀನಿ.”

“ಗೆರೆ ಬೇರೆ ಹೇಳ್ತಿದೆ. ಉಸಿರಿನ ದಾರಿ ಕಿರಿದಾದ್ರೆ ಗಾಳಿ ಸಲೀಸಾಗಿ ಹೊರಗೆ ಬರಲ್ಲ. ಆಗ ಹೀಗೇ ವಾಲುತ್ತೆ.” ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಒಳಗೆ ಸಣ್ಣಗೆ ಸಿಳ್ಳೆ.

ತಾಯಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. “ಧೂಳು ತಗುಲಿದ್ರೆ ಕಟ್ಕೊಳ್ಳುತ್ತೆ ಡಾಕ್ಟ್ರೇ. ಹೇಳಿದ್ರೆ ಆಪರೇಷನ್ನು ಮುಂದಕ್ಕೆ ಹಾಕ್ತೀರಿ ಅಂತ ಬಾಯಿ ಬಿಡಲಿಲ್ಲ.”

“ಮುಂದಕ್ಕೆ ಹಾಕ್ತೀವಿ, ನಿಜ. ಗ್ಯಾಸು ಹೊರಗೆ ಹೋಗೋ ಬಾಗಿಲೇ ಅರ್ಧ ಮುಚ್ಚಿದ್ರೆ, ನಾನು ಪರದೆ ನೋಡಿ ಏನು ಮಾಡ್ಲಿ? ಮೊದಲು ಉಬ್ಬಸ ಹತೋಟಿಗೆ ಬರಲಿ. ಅಲ್ಲೀವರೆಗೆ ನೋವಿಗೂ ಔಷಧಿ ಕೊಡ್ತೀನಿ.”

ಅಪ್ಪ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ತಾವಿಬ್ಬರೂ ಮುಚ್ಚಿಟ್ಟದ್ದನ್ನು, ತಿಳಿಯದ ಕೂಸಿನ ಉಸಿರೇ ಬಿಚ್ಚಿ ಹೇಳಿತ್ತು.

ಕೆಲವು ವಾರ ಇನ್ಹೇಲರಿನಿಂದ ಮದ್ದು ಸೇದಿದ ಬಳಿಕ ಪರದೆಯಲ್ಲಿ ಮಗಳ ಗುಡ್ಡವೂ ಡಬ್ಬಿಯಾಯಿತು. ಅವಳು ಮುನಿಸಿಕೊಂಡಳು, ಅಪ್ಪ ಸಹಿ ಹಾಕಿದ.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ವೈದ್ಯೆ ಹೊರಬಂದು ಮಾಸ್ಕ್ ಇಳಿಸಿದರು.

“ನಡುವೆ ಪರದೇಲಿ ಗ್ಯಾಸಿನ ಅಂಕಿ ಏರೋಕೆ ಶುರುವಾಯ್ತು.”

ತಾಯಿ ಗಂಡನ ಕೈ ಹಿಡಿದುಕೊಂಡಳು.

“ಸರ್ಜನ್ನಿಗೆ ಕೈ ತಡೀರಿ ಅಂದೆ. ಹೊಟ್ಟೆಯಿಂದ ಗ್ಯಾಸು ಬಿಟ್ರು. ನಾನು ಯಂತ್ರದ ಉಸಿರಾಟ ಹೆಚ್ಚಿಸಿದೆ. ಅಂಕಿ ಇಳಿದ ಮೇಲೇ ಮತ್ತೆ ಕೆಲಸ ಹಿಡಿದಿದ್ದು. ಕಲ್ಲಿನ ಸಮೇತ ಪಿತ್ತಕೋಶ ಆಚೆ ಬಂತು. ಹೋಗಿ, ನೋಡಿ.”

ಮಗಳು ಅರೆನಿದ್ದೆಯಲ್ಲಿದ್ದಳು. ಎದೆಯ ಮೇಲೆ ನಾಣ್ಯದಗಲದ ಒಂದು ಬಿಲ್ಲೆ ಅಂಟಿತ್ತು. ಸೂಜಿ ಚುಚ್ಚದೆ, ಚರ್ಮದ ಮೇಲಿಂದಲೇ ಅದು ಮೈಯೊಳಗಿನ ಗ್ಯಾಸನ್ನು ಅಳೆಯುತ್ತಿತ್ತು. ಅವನು ನೋಡುತ್ತಿದ್ದಂತೆ ಪಕ್ಕದ ಪರದೆಯಲ್ಲಿ ಅಂಕಿ ಮೆಲ್ಲಗೆ ಒಂದೊಂದೇ ಕೆಳಗಿಳಿಯಿತು. ಆಳನ್ನು ಕೆಡವುವ ಆ ಗಾಳಿ, ಮಗಳ ಪುಟ್ಟ ಮೂಗಿನಿಂದ ಸದ್ದಿಲ್ಲದೆ ಹೊರಬಂದು ಕೋಣೆಯಲ್ಲಿ ಕರಗಿಹೋಗುತ್ತಿತ್ತು. ಅವನಿಗೆ ಕೈಮುಗಿಯಬೇಕೆನಿಸಿತು. ಯಂತ್ರಕ್ಕೋ, ವೈದ್ಯೆಗೋ, ಆ ಪುಟ್ಟ ಎದೆಗೋ ತಿಳಿಯಲಿಲ್ಲ.

“ಅಮ್ಮ,” ಎಂದಳು ಮಗಳು. “ಹಸಿವು.”

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮಗುವಿಗೂ ಹೀಗೆ ಸಣ್ಣ ತೂತಿನ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆ ಆಗಬೇಕಿದ್ದರೆ ಅರಿವಳಿಕೆ ವೈದ್ಯರನ್ನು ಕೂರಿಸಿ ಕೇಳಿ: ಗ್ಯಾಸಿನ ಮಟ್ಟವನ್ನು ಯಾರು ನೋಡುತ್ತಿರುತ್ತಾರೆ, ಏರಿದರೆ ಏನು ಮಾಡುತ್ತಾರೆ? ಕೇಳುವುದು ನಿಮ್ಮ ಹಕ್ಕು. ಹಾಗೆಯೇ ಮಗುವಿನ ನೆಗಡಿ, ಕೆಮ್ಮು, ಉಬ್ಬಸ, ಹೃದಯದ ತೊಂದರೆ, ಯಾವುದಿದ್ದರೂ ಅವರು ಕೇಳುವ ಮೊದಲೇ ಹೇಳಿಬಿಡಿ. ದಿನಾಂಕ ಮುಂದೆ ಹೋದರೆ ಹೋಗಲಿ. ಮಗು ನಿಮ್ಮ ಮಡಿಲಿಗೆ ಮರಳಿ ಬರಲಿ.